ಜಾಲತಾಣದ ಋಣ ತೀರಿಸುವ ಬಗೆ

ಪದವಿಯ ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಮೌಖಿಕ ಪರೀಕ್ಷೆಗೆ ಕುಳಿತಿದ್ದಾಳೆ ಎಂದಿಟ್ಟುಕೊಳ್ಳೋಣ. ಅವಳ ಕಿರುಪ್ರಬಂಧದ ವಿಷಯ ಶ್ರವಣಬೆಳಗೊಳದ ಶಾಸನಗಳು. ಒಟ್ಟು ಅರವತ್ತು ಪುಟ. ಡಿ.ಟಿ.ಪಿ. ಮಾಡಿಸಿ, ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗ್ ಹಾಕಿಸಿದ್ದಾಳೆ. ಅಪ್ಪ ಹೊರಗೆ ಜಗುಲಿಯಲ್ಲಿ ಕಾಯುತ್ತಿದ್ದಾರೆ.

ಬೇರೆ ಊರಿನಿಂದ ಬಂದ ಪರೀಕ್ಷಕರು ಪ್ರಬಂಧವನ್ನು ಹಿಂದಿನಿಂದ ತೆರೆಯುತ್ತಾರೆ. ಅನುಭವಿ ಪರೀಕ್ಷಕರು ಹಲವರ ಪದ್ಧತಿಯೇ ಹಾಗೆ. ಕೊನೆಯ ಪುಟದಲ್ಲಿ ‘ಗ್ರಂಥಋಣ’ ಎಂಬ ತಲೆಬರಹ. ಅದರ ಕೆಳಗೆ ನಾಲ್ಕು ಪುಸ್ತಕಗಳ ಹೆಸರು. ಆಮೇಲೆ, ‘ಅಂತರಜಾಲ: ಗೂಗಲ್, ವಿಕಿಪೀಡಿಯ, ಯೂಟ್ಯೂಬ್’ ಎಂಬ ಒಂದು ಸಾಲು. ಅದಕ್ಕೂ ಕೆಳಗೆ, ಎರಡು ಸಾಲು ತುಂಬಿಕೊಂಡ ಒಂದು ಉದ್ದನೆಯ ಜಾಲತಾಣದ ವಿಳಾಸ. ಪರೀಕ್ಷಕರು ಆ ವಿಳಾಸವನ್ನು ತಮ್ಮ ಮೊಬೈಲಿನಲ್ಲಿ ಒತ್ತಿ ನೋಡುತ್ತಾರೆ. ಪುಟ ಸಿಗುವುದಿಲ್ಲ.

‘ಈ ಪುಟ ಎಲ್ಲಿದೆಯಮ್ಮಾ?’

‘ಆಗ ಇತ್ತು ಸರ್. ನಾನೇ ಓದಿದ್ದೆ.’

‘ಬರೆದವರು ಯಾರು?’

‘ಗೊತ್ತಿಲ್ಲ ಸರ್.’

‘ನೀನು ನೋಡಿದ್ದು ಯಾವಾಗ?’

‘ದಸರಾ ರಜೆಯಲ್ಲಿ... ಇರಬೇಕು ಸರ್.’

ಹುಡುಗಿ ಸುಳ್ಳು ಹೇಳುತ್ತಿಲ್ಲ. ಆ ಪುಟವನ್ನು ಅವಳು ಓದಿದ್ದು ನಿಜ, ಅದು ಆಗ ಇದ್ದದ್ದೂ ನಿಜ. ಆದರೆ ಅದನ್ನು ತೋರಿಸಿಕೊಡುವ ಯಾವ ದಾಖಲೆಯೂ ಅವಳ ಕೈಯಲ್ಲಿಲ್ಲ. ತಿಂಗಳುಗಟ್ಟಲೆ ಪಟ್ಟ ಶ್ರಮದ ಮೇಲೆ ಒಂದು ಕ್ಷಣದಲ್ಲಿ ಸಂಶಯದ ನೆರಳು ಬಿದ್ದಿತು. ಪ್ರಾಮಾಣಿಕಳಾದವಳು ತಪ್ಪಿತಸ್ಥಳಂತೆ ತಲೆ ತಗ್ಗಿಸಬೇಕಾಯಿತು. ಪುಸ್ತಕಗಳ ವಿಷಯದಲ್ಲಿ ಅವಳು ಮಾಡದ ತಪ್ಪನ್ನು ಜಾಲತಾಣದ ವಿಷಯದಲ್ಲಿ ಮಾಡಿದ್ದಳು. ಪುಸ್ತಕವಾದರೆ ಲೇಖಕ, ಹೆಸರು, ಪ್ರಕಾಶಕ, ವರ್ಷ ಬರೆಯಬೇಕೆಂದು ಯಾರೋ ಹೇಳಿಕೊಟ್ಟಿದ್ದರು. ಅಂತರಜಾಲಕ್ಕೆ ಏನು ಬರೆಯಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಋಣವೆಂದರೇನು?

ಕನ್ನಡದ ವಿದ್ವಾಂಸರು ಆಕರಗಳ ಪಟ್ಟಿಗೆ ‘ಗ್ರಂಥಋಣ’ ಎಂಬ ಸೊಗಸಾದ ಹೆಸರಿಟ್ಟಿದ್ದಾರೆ. ಇನ್ನೊಬ್ಬರ ದುಡಿಮೆಯಿಂದ ಪಡೆದದ್ದು ಸಾಲ. ಸಾಲ ಪಡೆದವನು ಯಾರಿಂದ, ಯಾವಾಗ, ಎಷ್ಟು ಪಡೆದೆ ಎಂದು ಹೇಳಬೇಕಾದದ್ದು ಧರ್ಮ. ಕಾಳಿದಾಸನ ಕಾವ್ಯಗಳಿಗೆ ವ್ಯಾಖ್ಯಾನ ಬರೆದ ಮಲ್ಲಿನಾಥ, ಆಧಾರವಿಲ್ಲದ ಏನನ್ನೂ ತಾನು ಬರೆಯುವುದಿಲ್ಲ ಎಂದು ಮೊದಲಿಗೇ ಪ್ರತಿಜ್ಞೆ ಮಾಡಿಕೊಂಡ. ಆತ ಬದುಕಿದ್ದು ಐನೂರು ವರ್ಷಗಳಿಗೂ ಹಿಂದೆ. ಆದ್ದರಿಂದ ಆಕರ ಹೇಳುವ ಶಿಸ್ತು ಪಶ್ಚಿಮದಿಂದ ನಿನ್ನೆ ಮೊನ್ನೆ ಬಂದದ್ದು ಎಂದು ಭಾವಿಸಬೇಕಾಗಿಲ್ಲ.

ಪ್ರಬಂಧದಲ್ಲಿ ಆಕರದ ಉಲ್ಲೇಖ ಮೂರು ಕೆಲಸ ಮಾಡುತ್ತದೆ. ಮೊದಲನೆಯದು, ಮೂಲ ಲೇಖಕರಿಗೆ ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸುತ್ತದೆ. ಎರಡನೆಯದು, ಹೇಳಿದ ಮಾತಿಗೆ ಸಾಕ್ಷಿ ಒದಗಿಸುತ್ತದೆ. ಮೂರನೆಯದು, ಓದುಗನಿಗೆ ದಾರಿ ತೋರಿಸುತ್ತದೆ. ಬರೆದವರು ಕಂಡದ್ದನ್ನೇ ಓದುವವರೂ ಹೋಗಿ ಕಾಣಲು ಸಾಧ್ಯವಾಗಬೇಕು. ಜಾಲತಾಣದ ವಿಷಯದಲ್ಲಿ ಹೆಚ್ಚಾಗಿ ಕೆಡುವುದು ಈ ಮೂರನೆಯ ಕೆಲಸವೇ. ದಾರಿ ಕೆಟ್ಟರೆ ಸಾಕ್ಷಿಯೂ ಹೋಯಿತು, ಮನ್ನಣೆಯೂ ಹೋಯಿತು.

ವಿಳಾಸವೊಂದೇ ಸಾಲದು

1923ರಲ್ಲಿ ಅಚ್ಚಾದ ಪುಸ್ತಕ 2023ರಲ್ಲಿಯೂ ಅದೇ ಪುಸ್ತಕ. ಅದರ 40ನೆಯ ಪುಟದಲ್ಲಿ ಇದ್ದದ್ದು 40ನೆಯ ಪುಟದಲ್ಲಿಯೇ ಇರುತ್ತದೆ. ಜಾಲತಾಣದ ಪುಟಕ್ಕೆ ಈ ಸ್ಥಿರತೆ ಇಲ್ಲ. ಅದು ಬಾಡಿಗೆ ಮನೆಯಲ್ಲಿರುವ ಸಂಸಾರದ ಹಾಗೆ. ಇಂದು ಇಲ್ಲಿ, ನಾಳೆ ಇನ್ನೊಂದು ಬೀದಿಯಲ್ಲಿ. ಹಳೆಯ ವಿಳಾಸಕ್ಕೆ ಹಾಕಿದ ಕಾಗದ ‘ವಿಳಾಸದಾರರು ಇಲ್ಲ’ ಎಂಬ ಷರಾ ಹೊತ್ತು ವಾಪಸು ಬರುತ್ತದೆ.

ಕರ್ನಾಟಕ ಸರ್ಕಾರದ ‘ಕಣಜ’ ಎಂಬ ಕನ್ನಡ ಜ್ಞಾನತಾಣ ಮೊದಲು ಒಂದು ಸ್ವತಂತ್ರ ವಿಳಾಸದಲ್ಲಿ ಇತ್ತು. ನಂತರ ಸರ್ಕಾರದ ತಾಣಗಳ ಗುಂಪಿನ ವಿಳಾಸಕ್ಕೆ ಬಂದಿತು. ಹಳೆಯ ವಿಳಾಸವನ್ನಷ್ಟೇ ಬರೆದುಕೊಂಡವರು ದಾರಿ ತಪ್ಪಬಹುದು. ಲೇಖನದ ಹೆಸರು, ಲೇಖಕರ ಹೆಸರು ಬರೆದುಕೊಂಡವರು ಹೊಸ ಮನೆಯಲ್ಲಿಯೂ ಅದನ್ನು ಹುಡುಕಿಕೊಳ್ಳಬಲ್ಲರು. ವ್ಯತ್ಯಾಸ ಇರುವುದು ಇಲ್ಲಿಯೇ.

ಇದು ವಿದ್ಯಾರ್ಥಿಗಳಿಗೆ ಮಾತ್ರ ಒದಗುವ ತೊಂದರೆಯಲ್ಲ. ಅಮೆರಿಕದ ಸುಪ್ರೀಂ ಕೋರ್ಟು 2011ರಲ್ಲಿ ಮಕ್ಕಳಿಗೆ ಹಿಂಸಾತ್ಮಕ ವಿಡಿಯೊ ಆಟಗಳನ್ನು ಮಾರುವುದರ ಕುರಿತು ಒಂದು ತೀರ್ಪು ಕೊಟ್ಟಿತು. ಆ ಪ್ರಕರಣದಲ್ಲಿ ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಅಲಿಟೊ ಅವರು ಬರೆದ ಪ್ರತ್ಯೇಕ ಅಭಿಪ್ರಾಯದ ಅಡಿಟಿಪ್ಪಣಿಯೊಂದರಲ್ಲಿ ಒಂದು ಜಾಲತಾಣದ ವಿಳಾಸವಿತ್ತು. ಕಾಲಕ್ರಮದಲ್ಲಿ ಆ ತಾಣ ನಿಂತುಹೋಯಿತು. ಅದರ ಹೆಸರನ್ನು ಬೇರೆ ಯಾರೋ ಕೊಂಡುಕೊಂಡರು. 2013ರ ಹೊತ್ತಿಗೆ ಆ ವಿಳಾಸಕ್ಕೆ ಹೋದವರಿಗೆ ಕಂಡದ್ದು ಮೂಲ ಮಾಹಿತಿಯಲ್ಲ, ಒಂದು ಕುಚೋದ್ಯದ ಒಕ್ಕಣೆ. ಜಾಲದ ಕೊಂಡಿಯನ್ನು ನಂಬಿ ತೀರ್ಪಿನಲ್ಲಿ ಉಲ್ಲೇಖಿಸಿದರೆ ಏನಾಗುತ್ತದೆಂದು ನೋಡಿ ಎಂಬ ಅರ್ಥದ ಮಾತು ಅಲ್ಲಿತ್ತು. ಒಂದು ದೇಶದ ಅತ್ಯುಚ್ಚ ನ್ಯಾಯಾಲಯದ ದಾಖಲೆಗೇ ಹೀಗಾಗುವುದಾದರೆ ಕಾಲೇಜಿನ ಪ್ರಬಂಧದ ಪಾಡೇನು?

ಅದೇ 2013ರಲ್ಲಿ ಹಾರ್ವರ್ಡ್ ಕಾನೂನು ಶಾಲೆಯ ಸಂಶೋಧಕರು ಈ ವಿಷಯವನ್ನು ಲೆಕ್ಕ ಹಾಕಿ ನೋಡಿದರು. ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲಿದ್ದ ಕೊಂಡಿಗಳಲ್ಲಿ ಅರ್ಧದಷ್ಟು ಮೂಲ ಮಾಹಿತಿಗೆ ಕರೆದೊಯ್ಯುತ್ತಿರಲಿಲ್ಲ. ಅವರು ಪರಿಶೀಲಿಸಿದ ಕಾನೂನು ಪತ್ರಿಕೆಗಳಲ್ಲಿ ಅಂಥ ಕೊಂಡಿಗಳ ಪ್ರಮಾಣ ಶೇಕಡ 70ಕ್ಕೂ ಹೆಚ್ಚು. ಪ್ಯೂ ಸಂಶೋಧನ ಕೇಂದ್ರವು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2013ರಲ್ಲಿ ಇದ್ದ ಜಾಲಪುಟಗಳಲ್ಲಿ ಶೇಕಡ 38ರಷ್ಟು ಹತ್ತು ವರ್ಷಗಳ ನಂತರ ಸಿಗದಂತಾಗಿದ್ದವು. ಮಗ ಎಂಟನೆಯ ತರಗತಿಯಲ್ಲಿದ್ದಾಗ ನೋಡಿದ ಪುಟ, ಅವನು ಪಿಎಚ್.ಡಿ. ಮಾಡುವ ಹೊತ್ತಿಗೆ ಇಲ್ಲದಿರುವ ಸಾಧ್ಯತೆ ಕಡಿಮೆಯೇನಲ್ಲ.

ಕೇಳಿಕೊಳ್ಳಬೇಕಾದ ಐದು ಪ್ರಶ್ನೆಗಳು

ಹಾಗಾದರೆ ಏನು ಬರೆದುಕೊಳ್ಳಬೇಕು? ಜಾಲಪುಟದ ಮುಂದೆ ಕುಳಿತ ವಿದ್ಯಾರ್ಥಿ ಐದು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಬರೆದವರು ಯಾರು? ಬರಹದ ಹೆಸರೇನು? ಪ್ರಕಟವಾದದ್ದು ಯಾವಾಗ? ಪ್ರಕಟಿಸಿದ ತಾಣ ಅಥವಾ ಸಂಸ್ಥೆ ಯಾವುದು? ಅದರ ಪೂರ್ಣ ವಿಳಾಸವೇನು? ಪುಟ ಆಗಾಗ ಬದಲಾಗುವಂಥದ್ದಾದರೆ ಇನ್ನೊಂದು ಸಂಗತಿಯನ್ನೂ ಸೇರಿಸಬೇಕು. ತಾನು ಅದನ್ನು ನೋಡಿದ ದಿನಾಂಕ ಯಾವುದು?

ಎಲ್ಲ ಪುಟಗಳೂ ಈ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುವುದಿಲ್ಲ. ಲೇಖಕರ ಹೆಸರಿಲ್ಲದಿದ್ದರೆ, ಆ ಪುಟವನ್ನು ಹೊರಡಿಸಿದ ಇಲಾಖೆ ಅಥವಾ ಸಂಸ್ಥೆಯನ್ನೇ ಲೇಖಕರ ಸ್ಥಾನದಲ್ಲಿ ಬರೆಯಬಹುದು. ಅದೂ ಇಲ್ಲವಾದರೆ ಬರಹದ ಹೆಸರನ್ನೇ ಮೊದಲು ಬರೆಯಬೇಕು. ಪ್ರಕಟವಾದ ದಿನ ಗೊತ್ತಿಲ್ಲದಿದ್ದರೆ ‘ದಿನಾಂಕವಿಲ್ಲ’ ಎಂದು ಹೇಳಿಬಿಡಬೇಕು. ಊಹಿಸಿ ಬರೆಯಬಾರದು. ಇಲ್ಲದ್ದನ್ನು ಇಲ್ಲವೆಂದು ಬರೆಯುವುದೂ ಪ್ರಾಮಾಣಿಕತೆಯೇ. ಇದರಿಂದ ಇನ್ನೊಂದು ಲಾಭವೂ ಉಂಟು. ಯಾರು ಬರೆದರೆಂದಾಗಲಿ, ಯಾವಾಗ ಬರೆದರೆಂದಾಗಲಿ, ಎಲ್ಲಿಂದ ತಂದರೆಂದಾಗಲಿ ತಿಳಿಯದ ಪುಟ ಎದುರಾದರೆ, ಅದನ್ನು ನಂಬಬೇಕೆ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಈ ಅಂಶಗಳನ್ನು ಯಾವ ಅನುಕ್ರಮದಲ್ಲಿ, ಯಾವ ವಿರಾಮಚಿಹ್ನೆಗಳೊಂದಿಗೆ ಬರೆಯಬೇಕೆಂಬುದಕ್ಕೆ ಬೇರೆ ಬೇರೆ ಪದ್ಧತಿಗಳಿವೆ. ಮನಃಶಾಸ್ತ್ರ, ಶಿಕ್ಷಣ, ಸಮಾಜವಿಜ್ಞಾನಗಳಲ್ಲಿ ಎ.ಪಿ.ಎ. ಪದ್ಧತಿ ಹೆಚ್ಚು ಬಳಕೆಯಲ್ಲಿದೆ. ಸಾಹಿತ್ಯ ಮತ್ತು ಭಾಷೆಗಳಲ್ಲಿ ಎಂ.ಎಲ್.ಎ., ಇತಿಹಾಸದಲ್ಲಿ ಶಿಕಾಗೊ. ಎ.ಪಿ.ಎ. ಕೈಪಿಡಿಯ ಏಳನೆಯ ಆವೃತ್ತಿ 2019ರಲ್ಲಿ ಬಂದಿತು. ಎಂ.ಎಲ್.ಎ. ಕೈಪಿಡಿಯ ಒಂಬತ್ತನೆಯ ಆವೃತ್ತಿ 2021ರಲ್ಲಿ, ಶಿಕಾಗೊ ಕೈಪಿಡಿಯ ಹದಿನೆಂಟನೆಯ ಆವೃತ್ತಿ 2024ರಲ್ಲಿ ಬಂದವು. ಒಂದು ಪದ್ಧತಿಯಲ್ಲಿ ವರ್ಷ ಲೇಖಕರ ಹೆಸರಿನ ಪಕ್ಕದಲ್ಲಿಯೇ ಬಂದರೆ, ಇನ್ನೊಂದರಲ್ಲಿ ಕೊನೆಯ ಕಡೆಗೆ ಬರುತ್ತದೆ. ನೋಡಿದ ದಿನಾಂಕವನ್ನು ಎ.ಪಿ.ಎ. ಕೇಳುವುದು ಬದಲಾಗುತ್ತಲೇ ಇರುವ ಪುಟಗಳಿಗೆ ಮಾತ್ರ. ಯಾವ ಪದ್ಧತಿ ಬೇಕೆಂದು ಮಾರ್ಗದರ್ಶಕರನ್ನು ಮೊದಲ ದಿನವೇ ಕೇಳಿಕೊಂಡು, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅದೊಂದನ್ನೇ ಪಾಲಿಸುವುದು ಲೇಸು. ಅಲ್ಪವಿರಾಮ ತಪ್ಪಿದರೆ ತಿದ್ದಬಹುದು. ಮಾಹಿತಿಯನ್ನೇ ಬರೆದುಕೊಳ್ಳದಿದ್ದರೆ ತಿದ್ದಲು ಏನೂ ಉಳಿಯುವುದಿಲ್ಲ.

ಶಾಸನದ ಸಂಖ್ಯೆ ಹೇಳುವ ಪಾಠ

ಮತ್ತೆ ಶ್ರವಣಬೆಳಗೊಳಕ್ಕೆ ಬರೋಣ. ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಅಂತರಜಾಲಕ್ಕೆ ಏರಿಸಿರುವುದರಿಂದ ಇಂದಿನ ವಿದ್ಯಾರ್ಥಿಗಳಿಗೆ ದೊಡ್ಡ ಉಪಕಾರವಾಗಿದೆ. ಹಿಂದೆ ಮೈಸೂರಿಗೋ ಬೆಂಗಳೂರಿಗೋ ಹೋಗಿ ಗ್ರಂಥಾಲಯದಲ್ಲಿ ಕುಳಿತು ನೋಡಬೇಕಾಗಿದ್ದ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳನ್ನು ಇಂದು ಹಳ್ಳಿಯ ಮನೆಯಲ್ಲಿ ಕುಳಿತು ತೆರೆಯಬಹುದು. ಆದರೆ ಈ ಅನುಕೂಲದಲ್ಲಿಯೇ ಒಂದು ಎಡವಟ್ಟು ಅಡಗಿದೆ.

ಶ್ರವಣಬೆಳಗೊಳದ ಶಾಸನಗಳ ಸಂಪುಟವನ್ನು ಮೊದಲು ಹೊರತಂದವರು ಬಿ.ಎಲ್. ರೈಸ್, 1889ರಲ್ಲಿ. ಅದರಲ್ಲಿದ್ದ ಶಾಸನಗಳು 144. ಆಮೇಲೆ ಆರ್. ನರಸಿಂಹಾಚಾರ್ ಅವರು ಅದನ್ನು ಪರಿಷ್ಕರಿಸಿ 1923ರಲ್ಲಿ ಪ್ರಕಟಿಸಿದಾಗ ಶಾಸನಗಳ ಸಂಖ್ಯೆ 500ಕ್ಕೆ ಏರಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ತಂದ ಆವೃತ್ತಿಯಲ್ಲಿ 573 ಶಾಸನಗಳಿವೆ. ಆವೃತ್ತಿ ಬದಲಾದಂತೆ ಶಾಸನಗಳಿಗೆ ಕೊಟ್ಟ ಕ್ರಮಸಂಖ್ಯೆಗಳೂ ಬದಲಾಗಿವೆ. ಈಗ ವಿದ್ಯಾರ್ಥಿನಿ ‘ಎಪಿಗ್ರಾಫಿಯ ಕರ್ನಾಟಿಕ, ಸಂಪುಟ 2, ಶಾಸನ 59’ ಎಂದಷ್ಟೇ ಬರೆದು ಪಕ್ಕದಲ್ಲಿ ಜಾಲತಾಣದ ಕೊಂಡಿ ಹಾಕಿದಳೆನ್ನಿ. ಯಾವ ಆವೃತ್ತಿಯ 59? ಕೊಂಡಿ ಸತ್ತುಹೋದರೆ, ಪರೀಕ್ಷಕರು ಗ್ರಂಥಾಲಯದಲ್ಲಿರುವ ಬೇರೆ ಆವೃತ್ತಿಯನ್ನು ತೆರೆದು ಬೇರೊಂದು ಶಾಸನವನ್ನೇ ಓದುವ ಸಂಭವವಿದೆ. ಆಗ ಹುಡುಗಿ ಬರೆದದ್ದು ಸುಳ್ಳೆಂದು ತೋರುತ್ತದೆ.

ಇದಕ್ಕೆ ಪರಿಹಾರ ಸುಲಭ. ಸ್ಕ್ಯಾನ್ ಪ್ರತಿ ಎಂದರೆ ಅದೂ ಪುಸ್ತಕವೇ. ಮೊದಲು ಪುಸ್ತಕದ ವಿವರವನ್ನು ಪೂರ್ತಿಯಾಗಿ ಬರೆಯಬೇಕು. ಎಲ್ಲಿ ನೋಡಿದ್ದೆಂಬುದು ಕೊನೆಯಲ್ಲಿ ಬರಬೇಕು. ಆ ವಿವರ ಸಿಗುವುದು ಪುಸ್ತಕದ ಒಳಗಿನ ಶೀರ್ಷಿಕೆ ಪುಟದಲ್ಲಿ. ಸ್ಕ್ಯಾನ್ ಮಾಡಿ ಜಾಲಕ್ಕೆ ಏರಿಸಿದವರು ಹಾಕಿದ ತಲೆಬರಹ, ವರ್ಷಗಳನ್ನು ಕಣ್ಣುಮುಚ್ಚಿ ನಂಬಬಾರದು. ಮಾದರಿಗೆ ಹೀಗೆ:

ನರಸಿಂಹಾಚಾರ್, ಆರ್. (1923). ಇನ್‌ಸ್ಕ್ರಿಪ್ಷನ್ಸ್ ಅಟ್ ಶ್ರವಣ ಬೆಳ್ಗೊಳ (ಎಪಿಗ್ರಾಫಿಯ ಕರ್ನಾಟಿಕ, ಸಂಪುಟ 2, ಪರಿಷ್ಕೃತ ಆವೃತ್ತಿ). ಬೆಂಗಳೂರು: ಮೈಸೂರು ಗೌರ್ನಮೆಂಟ್ ಸೆಂಟ್ರಲ್ ಪ್ರೆಸ್. ಸ್ಕ್ಯಾನ್ ಪ್ರತಿ: ಇಂಟರ್ನೆಟ್ ಆರ್ಕೈವ್. (ಇಲ್ಲಿ ಪುಟದ ಪೂರ್ಣ ವಿಳಾಸ.)

ಹೀಗೆ ಬರೆದರೆ ಕೊಂಡಿ ನಾಳೆ ಕೆಟ್ಟರೂ ಚಿಂತೆಯಿಲ್ಲ. ಅಚ್ಚಾದ ಪುಸ್ತಕ ಎಲ್ಲಾದರೂ ಒಂದು ಕಪಾಟಿನಲ್ಲಿ ಇದ್ದೇ ಇರುತ್ತದೆ.

ಒಂದೇ ಗಣತಿ, ಎರಡು ಸಂಖ್ಯೆ

ಅಂಕಿಅಂಶಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆ ಎಷ್ಟು? ಒಬ್ಬ ವಿದ್ಯಾರ್ಥಿ 6,11,30,704 ಎಂದು ಬರೆಯುತ್ತಾನೆ. ಅವನ ಪಕ್ಕದಲ್ಲಿ ಕುಳಿತವನು 6,10,95,297 ಎಂದು ಬರೆಯುತ್ತಾನೆ. ಇಬ್ಬರೂ ಜಾಲತಾಣದಿಂದಲೇ ತೆಗೆದದ್ದು. ಇಬ್ಬರಲ್ಲಿ ಯಾರೂ ಸುಳ್ಳು ಬರೆದಿಲ್ಲ. ಮೊದಲನೆಯದು 2011ರಲ್ಲಿ ಹೊರಬಿದ್ದ ತಾತ್ಕಾಲಿಕ ಲೆಕ್ಕ. ಎರಡನೆಯದು ಪರಿಶೀಲನೆಯ ನಂತರ ಪ್ರಕಟವಾದ ಅಂತಿಮ ಲೆಕ್ಕ. ಅಂತಿಮ ಲೆಕ್ಕ ಬಂದಮೇಲೆ ಬಳಸಬೇಕಾದದ್ದು ಅದನ್ನೇ. ಆದರೂ ತಾತ್ಕಾಲಿಕ ಸಂಖ್ಯೆ ಹಲವಾರು ತಾಣಗಳಲ್ಲಿ ಹಾಗೆಯೇ ಉಳಿದುಕೊಂಡಿದೆ.

ಆಕರದಲ್ಲಿ ‘ಜನಗಣತಿ ಜಾಲತಾಣ’ ಎಂದಷ್ಟೇ ಬರೆದರೆ ಈ ಗೊಂದಲ ಬಗೆಹರಿಯುವುದಿಲ್ಲ. ಮಹಾನೋಂದಣಾಧಿಕಾರಿ ಮತ್ತು ಜನಗಣತಿ ಆಯುಕ್ತರ ಕಚೇರಿ ಹೊರಡಿಸಿದ ಯಾವ ವರದಿ, ಯಾವ ಕೋಷ್ಟಕ, ತಾತ್ಕಾಲಿಕವೋ ಅಂತಿಮವೋ ಎಂಬುದನ್ನು ಬರೆದಾಗ ಮಾತ್ರ ಓದುವವರಿಗೆ ವಿಷಯ ತಿಳಿಯುತ್ತದೆ. ಮಳೆಯ ಪ್ರಮಾಣ, ಬೆಳೆಯ ಇಳುವರಿ, ಸಾಕ್ಷರತೆ ಮುಂತಾದ ಎಲ್ಲ ಅಂಕಿಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ವಿಕಿಪೀಡಿಯ, ವಿಡಿಯೊ, ಪತ್ರಿಕೆ

ವಿಕಿಪೀಡಿಯವನ್ನು ಬಳಸಬಹುದೇ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳು ಪದೇ ಪದೇ ಕೇಳುತ್ತಾರೆ. ಅದು ಬಾಗಿಲು ಆಗಬಹುದು, ಮನೆ ಆಗಲಾರದು. ವಿಷಯದ ಪರಿಚಯಕ್ಕೆ ಅದನ್ನು ಓದಲಿ. ಪುಟದ ಕೆಳಗೆ ಕೊಟ್ಟಿರುವ ಆಕರಗಳನ್ನು ಹಿಡಿದು ಮೂಲದವರೆಗೆ ಹೋಗಲಿ. ಪ್ರಬಂಧದಲ್ಲಿ ಉಲ್ಲೇಖಿಸಬೇಕಾದದ್ದು ಆ ಮೂಲವನ್ನು. ಕೆಲವೊಮ್ಮೆ ವಿಕಿಪೀಡಿಯದ ಪುಟವನ್ನೇ ಉಲ್ಲೇಖಿಸಬೇಕಾದ ಪ್ರಸಂಗ ಬರಬಹುದು. ಆಗ ‘ಇತಿಹಾಸ’ ಎಂಬ ಗುಂಡಿಯನ್ನು ಒತ್ತಿ, ತಾನು ಓದಿದ ದಿನದ ಆವೃತ್ತಿಯ ಸ್ಥಿರ ಕೊಂಡಿಯನ್ನು ತೆಗೆದುಕೊಳ್ಳಬೇಕು. ಏಕೆಂದರೆ ಆ ಪುಟವನ್ನು ನಾಳೆ ಬೆಳಿಗ್ಗೆ ಯಾರು ಬೇಕಾದರೂ ತಿದ್ದಬಹುದು.

ಯೂಟ್ಯೂಬಿನ ಉಪನ್ಯಾಸವಾದರೆ ಮಾತನಾಡಿದವರು, ಉಪನ್ಯಾಸದ ಹೆಸರು, ಏರಿಸಿದವರ ಹೆಸರು, ಏರಿಸಿದ ದಿನಾಂಕ ಮತ್ತು ವಿಳಾಸ ಬೇಕು. ಪುಸ್ತಕಕ್ಕೆ ಪುಟಸಂಖ್ಯೆ ಇರುವಂತೆ ವಿಡಿಯೊಗೆ ನಿಮಿಷ, ಸೆಕೆಂಡು. ಎರಡು ಗಂಟೆಯ ಉಪನ್ಯಾಸದಲ್ಲಿ ಆ ಮಾತು 42ನೆಯ ನಿಮಿಷದಲ್ಲಿ ಬಂದಿದೆ ಎಂದು ಬರೆದರೆ ಪರೀಕ್ಷಕರು ಹರಸುತ್ತಾರೆ. ಪುಟಸಂಖ್ಯೆ ಇಲ್ಲದ ಜಾಲಬರಹದಲ್ಲಿ ಉಪಶೀರ್ಷಿಕೆಯನ್ನೋ ಎಷ್ಟನೆಯ ಪ್ಯಾರಾ ಎಂಬುದನ್ನೋ ಹೇಳಬಹುದು. ಪತ್ರಿಕೆಯ ಸುದ್ದಿಗೆ ವರದಿಗಾರರ ಹೆಸರು, ತಲೆಬರಹ, ಪತ್ರಿಕೆಯ ಹೆಸರು, ದಿನಾಂಕ ಇವೆಲ್ಲ ಅಗತ್ಯ.

ಇನ್ನು ‘ಗೂಗಲ್’ ಎಂದು ಬರೆಯುವ ಅಭ್ಯಾಸ. ಗೂಗಲ್ ಹುಡುಕಿಕೊಡುವ ಸಾಧನ ಮಾತ್ರ. ಅದನ್ನು ಆಕರವೆಂದು ಬರೆಯುವುದು, ಪುಸ್ತಕ ತೆಗೆದುಕೊಟ್ಟ ಗ್ರಂಥಾಲಯದ ಸಹಾಯಕರನ್ನು ಪುಸ್ತಕದ ಲೇಖಕರೆಂದು ಬರೆದ ಹಾಗೆ. ವಾಟ್ಸ್ಯಾಪಿನಲ್ಲಿ ಬಂದ ಸಂದೇಶವಂತೂ ಅಂತೆ ಕಂತೆಗಳ ಸಂತೆ. ಅದರ ಮೂಲ ಸಿಗುವ ತನಕ ಅದನ್ನು ಪ್ರಬಂಧದ ಹತ್ತಿರ ಸೇರಿಸದಿರುವುದು ಕ್ಷೇಮ.

ಬದಲಾಗದ ವಿಳಾಸ, ಕೈಯಲ್ಲಿರುವ ಪ್ರತಿ

ಮನೆ ಬದಲಾದರೂ ಬದಲಾಗದ ವಿಳಾಸವೊಂದು ಬೇಕೆಂದು ವಿದ್ವತ್ ಜಗತ್ತು ಬಹಳ ಹಿಂದೆಯೇ ಯೋಚಿಸಿತು. ಅದರ ಫಲವೇ ಡಿ.ಓ.ಐ. ಎಂಬ ಗುರುತಿನ ಸಂಖ್ಯೆ. ಸಂಶೋಧನ ಪತ್ರಿಕೆಗಳ ಲೇಖನದ ಮೊದಲ ಪುಟದಲ್ಲಿ ಇದು ಅಚ್ಚಾಗಿರುತ್ತದೆ. 10 ಎಂಬ ಅಂಕಿ ಮತ್ತು ಒಂದು ಚುಕ್ಕೆಯಿಂದ ಆರಂಭವಾಗುವ ಈ ಸಂಖ್ಯೆ ಒಂದು ಲೇಖನಕ್ಕೆ ಒಂದೇ. ಪ್ರಕಾಶಕರು ತಾಣ ಬದಲಿಸಿದರೆ ಹೊಸ ವಿಳಾಸವನ್ನು ಆ ಸಂಖ್ಯೆಗೆ ಜೋಡಿಸುತ್ತಾರೆ. ಓದುಗ ಹಳೆಯ ಸಂಖ್ಯೆಯನ್ನು ಒತ್ತಿದರೂ ಹೊಸ ಮನೆಗೆ ಹೋಗಿ ತಲುಪುತ್ತಾನೆ. ಭಾರತದ ಪಿಎಚ್.ಡಿ. ಪ್ರಬಂಧಗಳನ್ನು ಸಂಗ್ರಹಿಸಿಡುವ ‘ಶೋಧಗಂಗಾ’ ಕೂಡ ಪ್ರತಿಯೊಂದು ಪ್ರಬಂಧಕ್ಕೂ ಇಂಥದೇ ಒಂದು ಸ್ಥಿರ ಕೊಂಡಿಯನ್ನು ಕೊಡುತ್ತದೆ. ಡಿ.ಓ.ಐ. ಆಗಲಿ ಇಂಥ ಸ್ಥಿರ ಕೊಂಡಿಯಾಗಲಿ ಇದ್ದಾಗ ಬೇರೆ ಉದ್ದನೆಯ ವಿಳಾಸಗಳ ಗೋಜಿಗೆ ಹೋಗಬೇಕಾಗಿಲ್ಲ.

ಅಂಥ ಸೌಲಭ್ಯವಿಲ್ಲದ ಪುಟಗಳಿಗೆ ಇನ್ನೊಂದು ಉಪಾಯ ಉಂಟು. 1996ರಲ್ಲಿ ಸ್ಥಾಪನೆಯಾದ ಇಂಟರ್ನೆಟ್ ಆರ್ಕೈವ್ ಸಂಸ್ಥೆ ಜಾಲಪುಟಗಳ ಹಳೆಯ ಪ್ರತಿಗಳನ್ನು ಜೋಪಾನ ಮಾಡುತ್ತ ಬಂದಿದೆ. 2001ರಿಂದ ‘ವೇಬ್ಯಾಕ್ ಮೆಷಿನ್’ ಎಂಬ ಹೆಸರಿನಲ್ಲಿ ಆ ಸಂಗ್ರಹವನ್ನು ಸಾರ್ವಜನಿಕರಿಗೆ ತೆರೆದಿಟ್ಟಿತು. ಯಾವುದಾದರೂ ಪುಟದ ವಿಳಾಸ ಕೊಟ್ಟು, ಇಂದಿನ ಪ್ರತಿಯನ್ನು ಉಳಿಸು ಎಂದು ಯಾರು ಬೇಕಾದರೂ ಅದಕ್ಕೆ ಹೇಳಬಹುದು. ಹಣ ಕೊಡಬೇಕಾಗಿಲ್ಲ. ಉಳಿಸಿದ ಪ್ರತಿಗೆ ದಿನಾಂಕ ಸಮೇತ ಬೇರೆಯೇ ಒಂದು ವಿಳಾಸ ಸಿಗುತ್ತದೆ. ಅದನ್ನು ಮೂಲ ವಿಳಾಸದ ಜೊತೆಗೆ ಬರೆದರೆ ಮುಂದೆ ಮೂಲ ಪುಟ ಹೋದರೂ ಸಾಕ್ಷಿ ಉಳಿಯುತ್ತದೆ. ಎಲ್ಲ ತಾಣಗಳನ್ನೂ ಹೀಗೆ ಉಳಿಸಲು ಆಗುವುದಿಲ್ಲ. ಆ ಸಂಗ್ರಹವೇ 2024ರ ಅಕ್ಟೋಬರಿನಲ್ಲಿ ಸೈಬರ್ ದಾಳಿಗೆ ಸಿಕ್ಕಿ ಕೆಲವು ದಿನ ಬಾಗಿಲು ಹಾಕಿತ್ತು. ಆದ್ದರಿಂದ ಮುಖ್ಯವಾದ ಪುಟಗಳನ್ನು ಪಿ.ಡಿ.ಎಫ್. ಮಾಡಿ ಸ್ವಂತಕ್ಕೆ ಒಂದು ಪ್ರತಿ ಇಟ್ಟುಕೊಳ್ಳುವುದು ಜಾಣತನ.

ಕಾಣದ ಮೂಲವನ್ನು ಕಂಡೆ ಎನ್ನಬಾರದು

ಉಲ್ಲೇಖದ ಮೊದಲ ನಿಯಮ, ಓದಿದ್ದನ್ನಷ್ಟೇ ಉಲ್ಲೇಖಿಸಬೇಕು ಎಂಬುದು. ‘ಕ’ ಎಂಬವರ ಪುಸ್ತಕದಲ್ಲಿ ‘ಖ’ ಎಂಬವರ ಮಾತನ್ನು ಓದಿದರೆ, ‘ಖ’ ಅವರನ್ನು ನೇರವಾಗಿ ಓದಿದಂತೆ ಬರೆಯುವುದು ಸರಿಯಲ್ಲ. ‘ಕ ಅವರ ಪುಸ್ತಕದಲ್ಲಿ ಉಲ್ಲೇಖಿಸಿದಂತೆ’ ಎಂದು ಹೇಳಬೇಕು. ಸಾಧ್ಯವಾದರೆ ಮೂಲಕ್ಕೇ ಹೋಗಿ ನೋಡಬೇಕು.

ಮೂಲಕ್ಕೆ ಹೋಗದಿದ್ದರೆ ಆಗುವ ಅನಾಹುತಕ್ಕೆ 2009ರ ಒಂದು ಪ್ರಸಂಗ ಸಾಕ್ಷಿ. ಫ್ರಾನ್ಸಿನ ಪ್ರಸಿದ್ಧ ಸಂಗೀತ ನಿರ್ದೇಶಕ ಮಾರಿಸ್ ಜಾರ್ ಆ ವರ್ಷದ ಮಾರ್ಚಿಯಲ್ಲಿ ತೀರಿಕೊಂಡರು. ಐರ್ಲೆಂಡಿನ ಕಾಲೇಜು ವಿದ್ಯಾರ್ಥಿಯೊಬ್ಬ, ಪತ್ರಿಕೆಗಳು ಎಷ್ಟು ಎಚ್ಚರ ವಹಿಸುತ್ತವೆಂದು ನೋಡಲು, ತಾನೇ ಕಟ್ಟಿದ ಮಾತೊಂದನ್ನು ಅವರ ಬಾಯಲ್ಲಿ ಹಾಕಿ ವಿಕಿಪೀಡಿಯದ ಪುಟಕ್ಕೆ ಸೇರಿಸಿಬಿಟ್ಟ. ಆಕರವಿಲ್ಲವೆಂದು ವಿಕಿಪೀಡಿಯದವರು ಅದನ್ನು ತೆಗೆದುಹಾಕಿದರು. ಅಷ್ಟರಲ್ಲಿ ‘ಗಾರ್ಡಿಯನ್’ ಸೇರಿದಂತೆ ಹಲವು ಪತ್ರಿಕೆಗಳು ಆ ಸುಳ್ಳು ಮಾತನ್ನು ತಮ್ಮ ಶ್ರದ್ಧಾಂಜಲಿ ಲೇಖನಗಳಲ್ಲಿ ಅಚ್ಚು ಹಾಕಿದ್ದವು. ಮುಂದೆ ವಿದ್ಯಾರ್ಥಿಯೇ ವಿಷಯ ತಿಳಿಸಿದ ಮೇಲೆ ತಿದ್ದುಪಡಿ ಬಂದಿತು. ಅಂಥ ಪತ್ರಿಕೆಯ ಲೇಖನವನ್ನು ನಂಬಿ ಬರೆದ ಪ್ರಬಂಧದ ಗತಿ ಏನಾಗುತ್ತಿತ್ತೆಂದು ಯಾರಾದರೂ ಊಹಿಸಬಹುದು.

ಈಚಿನ ವರ್ಷಗಳಲ್ಲಿ ಇದಕ್ಕಿಂತ ದೊಡ್ಡ ಅಪಾಯ ಬಂದಿದೆ. ಪ್ರಶ್ನೆ ಕೇಳಿದರೆ ಉತ್ತರ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು, ಕೇಳಿದರೆ ಆಕರಗಳ ಪಟ್ಟಿಯನ್ನೂ ಕೊಡುತ್ತವೆ. ಲೇಖಕರ ಹೆಸರು, ಪತ್ರಿಕೆ, ವರ್ಷ, ಪುಟ ಎಲ್ಲವೂ ಅಚ್ಚುಕಟ್ಟಾಗಿರುತ್ತವೆ. ಆದರೆ ಅಂಥ ಲೇಖನವೇ ಲೋಕದಲ್ಲಿ ಇಲ್ಲದಿರಬಹುದು. 2023ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದರಲ್ಲಿ ವಕೀಲರು ಚಾಟ್‌ಜಿಪಿಟಿ ಕೊಟ್ಟ ಹಳೆಯ ತೀರ್ಪುಗಳನ್ನು ಪರಿಶೀಲಿಸದೆ ಸಲ್ಲಿಸಿದರು. ಅಂಥ ತೀರ್ಪುಗಳು ಎಂದೂ ಬಂದಿರಲೇ ಇಲ್ಲ. ನ್ಯಾಯಾಧೀಶರು 5,000 ಡಾಲರ್ ದಂಡ ವಿಧಿಸಿದರು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಹಿರಿಯರ ಮಾತು. ಕಾಣದೇ ಇದ್ದದ್ದನ್ನು ಪ್ರಮಾಣವೆಂದು ಕೊಡುವುದಂತೂ ದೂರವೇ ಉಳಿಯಿತು.

ಶಿಕ್ಷೆಯೂ ಉಂಟು

ಸಂಶೋಧನ ಹಂತಕ್ಕೆ ಹೋದಮೇಲೆ ಇದು ಅಂಕಗಳ ಪ್ರಶ್ನೆಯಷ್ಟೇ ಆಗಿ ಉಳಿಯುವುದಿಲ್ಲ. ಕೃತಿಚೌರ್ಯವನ್ನು ತಡೆಯಲು ಯು.ಜಿ.ಸಿ. 2018ರಲ್ಲಿ ನಿಯಮಾವಳಿ ಹೊರಡಿಸಿತು. ಅದರಂತೆ ಸಂಶೋಧನ ಪ್ರಬಂಧದಲ್ಲಿ ಬೇರೆ ಬರಹಗಳೊಂದಿಗೆ ಹೋಲಿಕೆ ಶೇಕಡ 10ರವರೆಗೆ ಇದ್ದರೆ ದಂಡವಿಲ್ಲ. ಶೇಕಡ 10ಕ್ಕಿಂತ ಹೆಚ್ಚಾಗಿ 40ರವರೆಗೆ ಇದ್ದರೆ, ಆರು ತಿಂಗಳು ಮೀರದ ಗಡುವಿನೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. 40ಕ್ಕಿಂತ ಹೆಚ್ಚಾಗಿ 60ರವರೆಗೆ ಇದ್ದರೆ ಒಂದು ವರ್ಷ ತಿದ್ದಿದ ಪ್ರಬಂಧ ಸಲ್ಲಿಸುವಂತಿಲ್ಲ. ಶೇಕಡ 60ನ್ನು ದಾಟಿದರೆ ನೋಂದಣಿಯೇ ರದ್ದು. ಸರಿಯಾಗಿ ಆಕರ ಹೇಳಿ ಉದ್ಧರಿಸಿದ ಭಾಗ ಈ ಲೆಕ್ಕಕ್ಕೆ ಬರುವುದಿಲ್ಲವೆಂದು ಅದೇ ನಿಯಮಾವಳಿ ಹೇಳಿದೆ. ಆದ್ದರಿಂದ ಆಕರ ಹೇಳಿದರೆ ತನ್ನ ಬರಹದ ತೂಕ ಕಡಿಮೆಯಾದೀತು ಎಂಬ ಅಂಜಿಕೆಗೆ ಕಾರಣವಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಿಕೊಳ್ಳಬೇಕು. ಪದಗಳನ್ನು ಅತ್ತಿತ್ತ ಬದಲಿಸಿ ಬರೆದರೆ ಆಕರ ಹೇಳಬೇಕಾಗಿಲ್ಲ ಎಂದು ಹಲವರು ನಂಬಿದ್ದಾರೆ. ವಿಚಾರ ಇನ್ನೊಬ್ಬರದಾದರೆ ಮಾತು ಯಾರದಾದರೂ ಆಕರ ಬೇಕು. ಮಾತೂ ಅವರದೇ ಆದರೆ ಉದ್ಧರಣ ಚಿಹ್ನೆಯೂ ಬೇಕು. ಭಾರತಕ್ಕೆ 1947ರಲ್ಲಿ ಸ್ವಾತಂತ್ರ್ಯ ಬಂದಿತು ಎಂಬಂಥ ಎಲ್ಲರಿಗೂ ತಿಳಿದ ಸಂಗತಿಗೆ ಮಾತ್ರ ಯಾವುದೂ ಬೇಡ.

ತಂದೆತಾಯಿ ಏನು ಮಾಡಬಹುದು?

‘ನಮಗೆ ಕಂಪ್ಯೂಟರ್ ಬರುವುದಿಲ್ಲ, ನಾವೇನು ಹೇಳಿಕೊಡುವುದು’ ಎಂದು ಅನೇಕ ತಂದೆತಾಯಂದಿರು ಕೈಚೆಲ್ಲುತ್ತಾರೆ. ಕಂಪ್ಯೂಟರ್ ಬರಬೇಕಾಗಿಲ್ಲ. ಹೈಸ್ಕೂಲಿನ ಹುಡುಗ ಪ್ರಾಜೆಕ್ಟಿನ ಹಾಳೆಗಳನ್ನು ಹಿಡಿದು ಬಂದಾಗ, ‘ಇದು ನಿನಗೆ ಎಲ್ಲಿ ಸಿಕ್ಕಿತಪ್ಪಾ?’ ಎಂದು ಒಂದು ಮಾತು ಕೇಳಿದರೆ ಸಾಕು. ಬೈಯುವ ದನಿಯಲ್ಲಲ್ಲ, ತಿಳಿದುಕೊಳ್ಳುವ ದನಿಯಲ್ಲಿ. ‘ನೆಟ್ಟಿನಲ್ಲಿ’ ಎಂದು ಅವನು ಹೇಳಿದರೆ, ‘ನೆಟ್ಟಿನಲ್ಲಿ ಯಾರ ಹತ್ತಿರ?’ ಎಂದು ಇನ್ನೊಂದು ಪ್ರಶ್ನೆ. ಅಂಗಡಿಯಿಂದ ತಂದ ಸಾಮಾನಿಗೆ ಲೆಕ್ಕ ಕೇಳುವ ತಾಯಿಗೆ ಈ ಲೆಕ್ಕ ಕೇಳುವುದೇನೂ ಕಷ್ಟವಲ್ಲ.

ಅದೇ ರೀತಿ, ದುಡ್ಡು ಕೊಟ್ಟರೆ ಪ್ರಾಜೆಕ್ಟ್ ಸಿದ್ಧಮಾಡಿಕೊಡುವ ಅಂಗಡಿಗಳಿಗೆ ಮಕ್ಕಳನ್ನು ಕಳಿಸಬಾರದು. ಅಲ್ಲಿಂದ ಬಂದ ಹಾಳೆಗಳಿಗೆ ಮೂಲ ಯಾವುದೆಂದು ಮಗುವಿಗೂ ಗೊತ್ತಿರುವುದಿಲ್ಲ, ಮಾಡಿಕೊಟ್ಟವರಿಗೂ ಗೊತ್ತಿರುವುದಿಲ್ಲ.

ವಿದ್ಯಾರ್ಥಿಗಳು ಮಾಡಬೇಕಾದದ್ದು ಇನ್ನೂ ಸರಳ. ಇಪ್ಪತ್ತು ರೂಪಾಯಿಯ ಒಂದು ನೋಟುಪುಸ್ತಕ ಕೊಂಡು, ಪುಟಕ್ಕೆ ಆರು ಗೆರೆ ಎಳೆದು, ಜಾಲಪುಟವನ್ನು ನೋಡಿದ ಕೂಡಲೇ ಹಿಂದೆ ಹೇಳಿದ ಐದು ಉತ್ತರಗಳನ್ನೂ ನೋಡಿದ ದಿನಾಂಕವನ್ನೂ ಬರೆದುಬಿಡಬೇಕು. ಎಲ್ಲ ಮುಗಿದ ಮೇಲೆ ಕೊನೆಗೆ ಬರೆಯೋಣವೆಂದರೆ ಆಗುವುದಿಲ್ಲ. ಕೊನೆಗೆ ಉಳಿಯುವುದು ಪ್ರಬಂಧ ಸಲ್ಲಿಸುವ ಹಿಂದಿನ ರಾತ್ರಿ ಮಾತ್ರ. ಆಗ ನೆನಪಿಗೆ ಬರುವುದು ‘ಗೂಗಲ್’ ಎಂಬ ಒಂದೇ ಹೆಸರು.

ಮೌಖಿಕ ಪರೀಕ್ಷೆಗೆ ಕುಳಿತ ಆ ಹುಡುಗಿಯ ಚೀಲದಲ್ಲಿ ಅಂಥದೊಂದು ನೋಟುಪುಸ್ತಕ ಇದ್ದಿದ್ದರೆ ಏನಾಗುತ್ತಿತ್ತು? ಪುಟ ಸಿಗಲಿಲ್ಲವೆಂದು ಪರೀಕ್ಷಕರು ತಲೆ ಎತ್ತಿದಾಗ ಅವಳು ತಡವರಿಸುತ್ತಿರಲಿಲ್ಲ. ‘ಬರೆದವರು ಇವರು ಸರ್. ಇದು ಆಗ ಇದ್ದ ತಾಣ. ನಾನು ನೋಡಿದ್ದು ಈ ದಿನ. ತೆಗೆದಿಟ್ಟ ಪ್ರತಿ ಇಲ್ಲಿದೆ’ ಎಂದು ಮುಂದೆ ಇಡುತ್ತಿದ್ದಳು. ಪರೀಕ್ಷಕರು ಆ ಪುಟವನ್ನು ಒಮ್ಮೆ ತಿರುವಿ, ಪ್ರಬಂಧದ ಮೊದಲ ಪುಟಕ್ಕೆ ಬಂದು, ‘ಸರಿಯಮ್ಮಾ, ಈಗ ನಿನ್ನ ಶಾಸನಗಳ ವಿಷಯ ಹೇಳು’ ಎನ್ನುತ್ತಿದ್ದರು.